ಉಡಿದಾರದ ಕೆಳಗಿನ ಕಪ್ಪು ಕಲೆ

ಫೋನ್ ಬಂದಾಗ ಬೆಳಗ್ಗೆ ಏಳೂವರೆ. ಮೈದನಹಳ್ಳಿ ಹತ್ತಿರ ಕಡಲೆಕಾಯಿ ಹೊಲದ ಬದುವಿನ ಪಕ್ಕ ಒಂದು ಕೃಷ್ಣಮೃಗ ಸತ್ತು ಬಿದ್ದಿದೆ, ಮೂಗಿನಲ್ಲಿ ರಕ್ತ ಬಂದಿದೆ, ಬೇಗ ಬನ್ನಿ ಅಂತ ಅರಣ್ಯ ಇಲಾಖೆಯ ವಾಚರ್ ಹೇಳಿದರು. 'ಮೂಗಿನಲ್ಲಿ ರಕ್ತ' ಅನ್ನುವ ಮಾತು ಕೇಳಿದರೆ ನಮ್ಮ ಕಡೆಯ ಯಾವ ಪಶುವೈದ್ಯರಿಗೂ ಕಾಫಿ ರುಚಿಸುವುದಿಲ್ಲ.

ಮಧುಗಿರಿ ತಾಲ್ಲೂಕಿನ ಈ ಜಾಗವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಒಟ್ಟು 798 ಎಕರೆ ಹುಲ್ಲುಗಾವಲು. ಆದರೆ ಗಡಿ ಎಲ್ಲಿ ಅಂತ ಜಿಂಕೆಗೇನು ಗೊತ್ತು? ಮೇಯುತ್ತಾ ಹೊಲಕ್ಕೆ ಇಳಿಯುತ್ತವೆ. ಅದೇ ಹೊಲದ ಬಯಲಲ್ಲಿ ಕುರಿಗಳೂ ಮೇಯುತ್ತವೆ. ಒಂದೇ ಮಣ್ಣು, ಒಂದೇ ಹುಲ್ಲು. ನನ್ನ ಭಯ ಇದ್ದದ್ದೇ ಅಲ್ಲಿ.

ಭಯ ನೆರಡಿ ರೋಗದ್ದು. ಇಂಗ್ಲಿಷಿನವರು ಆಂಥ್ರಾಕ್ಸ್ ಅನ್ನುತ್ತಾರೆ. ಆ ಹೆಸರು ಗ್ರೀಕರ ಇದ್ದಿಲಿನಿಂದ ಬಂದದ್ದು, ಯಾಕೆಂದರೆ ಮನುಷ್ಯನ ಚರ್ಮಕ್ಕೆ ತಗುಲಿದರೆ ಇದ್ದಿಲಿನಂಥ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸತ್ತ ಕುರಿಯ ಚರ್ಮ ಸುಲಿದಿದ್ದ ಒಬ್ಬರ ಮುಂಗೈ ಮೇಲೆ ಅದನ್ನು ನೋಡಿದ್ದೆ. ನೋವಿಲ್ಲ, ಆದರೆ ಸುತ್ತಲೂ ಕೈ ಊದಿ ಬೂದುಗುಂಬಳದ ಹಾಗಾಗಿತ್ತು. ಸಮಯಕ್ಕೆ ಸರಿಯಾಗಿ ಔಷಧಿ ಬಿತ್ತು, ಬದುಕಿಕೊಂಡರು. ಆ ಕೈ ಮಾತ್ರ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನೆರಡಿಯ ಅನುಮಾನ ಇದ್ದರೆ ಒಂದೇ ನಿಯಮ: ಹೆಣ ಕೊಯ್ಯಬಾರದು. ಹೊಟ್ಟೆಯೊಳಗೆ ಗಾಳಿ ತಾಗದೆ ಇದ್ದರೆ ಆ ಬ್ಯಾಕ್ಟೀರಿಯಾ ಹೆಣ ಕೊಳೆಯುವಾಗ ತಾನೂ ಸಾಯುತ್ತದೆ. ಕೊಯ್ದು ಗಾಳಿ ತಾಗಿಸಿದಿರೋ, ಗಟ್ಟಿ ಚಿಪ್ಪಿನ ಬೀಜಾಣು ಆಗಿ ಮಣ್ಣು ಸೇರುತ್ತದೆ. ಆಮೇಲೆ ಹತ್ತಾರು ವರ್ಷ ಅಲ್ಲೇ ಕಾಯುತ್ತದೆ. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಅನ್ನುವ ಪುಟ್ಟ ದ್ವೀಪದಲ್ಲಿ ಬ್ರಿಟಿಷರು 1942ರಲ್ಲಿ ಇದನ್ನು ಕುರಿಗಳ ಮೇಲೆ ಪ್ರಯೋಗ ಮಾಡಿದರು. ಆ ನೆಲ ಸುರಕ್ಷಿತ ಅಂತ ಸಾರಿದ್ದು 1990ರಲ್ಲಿ. ಅದೂ ನೆಲಕ್ಕೆಲ್ಲ ಫಾರ್ಮಾಲ್ಡಿಹೈಡ್ ಸುರಿದ ಮೇಲೆ.

ನಾನು ಹೋದಾಗ ಅಲ್ಲಿ ಹದಿನೈದು ಜನ ಸೇರಿದ್ದರು. ಗಂಡು ಜಿಂಕೆ, ಒಳ್ಳೆ ಮೈಕಟ್ಟು. ಸತ್ತು ಜಾಸ್ತಿ ಹೊತ್ತಾಗಿರಲಿಲ್ಲ. ಎರಡು ಜೊತೆ ಗ್ಲೌಸು, ಮಾಸ್ಕು, ಗಮ್ ಬೂಟು ಹಾಕಿಕೊಂಡು ಕಿವಿಯ ತುದಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಒಂದೇ ಹನಿ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿದೆ. ಚುಚ್ಚಿದ ಜಾಗಕ್ಕೆ ಫಾರ್ಮಲಿನ್ ಹತ್ತಿ ಒತ್ತಿದೆ. ಸ್ಲೈಡು ಒಣಗಿಸಿ ಅಟೆಂಡರ್ ಕೈಯಲ್ಲಿ ಬೈಕಿನ ಮೇಲೆ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಸಹೋದ್ಯೋಗಿ ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ನೆರಡಿ ಆಗಿದ್ದರೆ ನೀಲಿ ಕಡ್ಡಿಗಳ ಸರ, ಅದರ ಸುತ್ತ ಗುಲಾಬಿ ಬಣ್ಣದ ಕವಚ ಕಾಣುತ್ತದೆ. ಒಂದು ಸಲ ನೋಡಿದವರು ಮರೆಯುವುದಿಲ್ಲ.

ಅಲ್ಲಿಯವರೆಗೆ ನನ್ನ ಕೆಲಸ ಹೆಣ ಕಾಯುವುದು. ನಾಯಿಗಳಿಂದ, ಕಾಗೆಗಳಿಂದ, ಮತ್ತೆ ನಿಜ ಹೇಳಬೇಕೆಂದರೆ ಮನುಷ್ಯರಿಂದ.

ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ಬಂದು ಪಕ್ಕದಲ್ಲಿ ಕೂತರು.

"ಸುಮ್ನೆ ಕೊಯ್ದು ನೋಡಿದ್ರೆ ಗೊತ್ತಾಗಲ್ವಾ ಡಾಕ್ಟ್ರೇ?"

"ಗೊತ್ತಾಗುತ್ತೆ ತಾತ. ಆಮೇಲೆ ನಿಮ್ಮ ಮೊಮ್ಮಕ್ಕಳ ಕುರಿಗೂ ಗೊತ್ತಾಗುತ್ತೆ."

ನಕ್ಕರು. ಕುರಿಗೆ ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದೆ. ಹೆಬ್ಬಾಳದಲ್ಲಿ ತಯಾರಾಗುವ ಲಸಿಕೆ, ವರ್ಷಕ್ಕೊಂದು ಸಲ ಹಾಕಿಸಬೇಕು. ತಾತ ಮಾತು ಬದಲಿಸಿ ಈ ವರ್ಷದ ಮಳೆಯ ವಿಚಾರ ತೆಗೆದರು. ಅದರಲ್ಲೇ ಉತ್ತರ ಸಿಕ್ಕಿತು.

ಮೂರು ಗಂಟೆ ಕಾದೆ. ನವೆಂಬರ್ ತಿಂಗಳು, ಹಿಂಗಾರು ಚೆನ್ನಾಗಿ ಆಗಿತ್ತು. ಬದುವಿನ ಮೇಲೆ ಹುಲ್ಲು ಮೊಣಕಾಲುದ್ದ, ಅಲ್ಲಲ್ಲಿ ಲಂಟಾನ, ಕಡಲೆಕಾಯಿ ಕಿತ್ತ ಹೊಲದಲ್ಲಿ ಇಲಿ ಬಿಲಗಳು. ಹೆಣದಿಂದ ಹತ್ತು ಮಾರು ದೂರದಲ್ಲಿ ಗ್ಲೌಸು ಬಿಚ್ಚಿ ಕೈ ತೊಳೆದು, ಬದುವಿಗೆ ಒರಗಿ ಕೂತೆ. ಆಮೇಲೆ ಟವೆಲ್ ಹಾಸಿಕೊಂಡು ಮಲಗಿಯೂ ಬಿಟ್ಟೆ. ಕಣ್ಣು ಮಾತ್ರ ಜಿಂಕೆಯ ಮೇಲೆ.

ಫೋನ್ ಬಂತು. ಸ್ಲೈಡಿನಲ್ಲಿ ಏನೂ ಇಲ್ಲ. ಅರಣ್ಯ ಇಲಾಖೆಯವರ ಎದುರಿನಲ್ಲಿ ಮರಣೋತ್ತರ ಪರೀಕ್ಷೆ ಮಾಡಿದೆ. ಬಲಗಡೆ ಪಕ್ಕೆಲುಬು ಮುರಿದು ಎದೆಗೂಡಿನ ತುಂಬ ರಕ್ತ. ರಾತ್ರಿ ಯಾವುದೋ ಗಾಡಿ ಗುದ್ದಿರಬೇಕು, ಅಲ್ಲಿಂದ ಇಲ್ಲಿತನಕ ಓಡಿ ಬಂದು ಬಿದ್ದಿದೆ. ಹೆಣ ಸುಟ್ಟರು, ಮಹಜರಿಗೆ ಸಹಿ ಹಾಕಿ ಮನೆಗೆ ಬಂದೆ. ಅವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹನ್ನೊಂದನೇ ದಿನ ಜ್ವರ ಬಂತು. ಸಾಧಾರಣ ಜ್ವರ ಅಲ್ಲ, ಹಲ್ಲು ಕಟಕಟ ಅನ್ನುವ ಚಳಿ, ಹಣೆ ಸೀಳುವಂಥ ತಲೆನೋವು. ಎರಡು ದಿನ ಪ್ಯಾರಸಿಟಮಾಲ್ ನುಂಗಿದೆ. ಪಶುವೈದ್ಯರಿಗೆ ಜ್ವರ ಬಂದರೆ ತಲೆಯಲ್ಲಿ ಪಠ್ಯಪುಸ್ತಕವೇ ತೆರೆದುಕೊಳ್ಳುತ್ತದೆ. ಹೋದ ತಿಂಗಳು ಕಂದು ಹಾಕಿದ ಹಸುವಿನ ಮಾಸು ತೆಗೆದಿದ್ದೆ, ಬ್ರೂಸೆಲ್ಲಾ ಇರಬಹುದೇ? ಗೋಡೌನಿನಲ್ಲಿ ಇಲಿ ಕಾಟ, ಇಲಿ ಜ್ವರ ಇರಬಹುದೇ? ಇಷ್ಟೆಲ್ಲ ಯೋಚಿಸಿದವನು ಒಂದು ಸಲ ಅಂಗಿ ಬಿಚ್ಚಿ ಮೈ ನೋಡಿಕೊಳ್ಳಲಿಲ್ಲ.

ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಡೆಂಗಿ ಇಲ್ಲ ಅಂದರು. ವೈಡಾಲ್ ಪರೀಕ್ಷೆಯಲ್ಲಿ ಏನೋ ಸ್ವಲ್ಪ ಬಂತು, ಟೈಫಾಯ್ಡ್ ಅಂದರು. ದಿನಕ್ಕೆ ಎರಡು ಸಲ ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್. ನಾಲ್ಕು ದಿನವಾದರೂ ಜ್ವರ ಒಂದು ಡಿಗ್ರಿಯೂ ಇಳಿಯಲಿಲ್ಲ. ಏನು ಕೆಲಸ ಮಾಡುತ್ತೀರಿ ಅಂತ ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ಆರನೇ ದಿನ ಬಿಸಿನೀರಿನಲ್ಲಿ ಮೈ ಒರೆಸುತ್ತಿದ್ದ ಹೆಂಡತಿ ಕೇಳಿದಳು: "ರೀ, ಉಡಿದಾರದ ಹತ್ರ ಇದೇನ್ರೀ, ಬೀಡಿಯಲ್ಲಿ ಸುಟ್ಟ ಹಾಗಿದೆ?"

ಕನ್ನಡಿ ಹಿಡಿದು ನೋಡಿಕೊಂಡೆ. ಸೊಂಟದ ಹಿಂದೆ, ಉಡಿದಾರದ ಕೆಳಗೆ, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಹೊಪ್ಪಳೆ. ನೋವಿಲ್ಲ, ತುರಿಕೆಯೂ ಇಲ್ಲ.

ಕಾಲು ಕುಸಿಯಿತು. ಕಪ್ಪು ಕಲೆ, ನೋವಿಲ್ಲ, ಜಿಂಕೆ ಮುಟ್ಟಿದ್ದೇನೆ. ಸ್ಲೈಡು ಓದಿದ್ದೇ ತಪ್ಪಾಗಿದ್ದರೆ? ಅವತ್ತು ಅಲ್ಲಿ ಕೂತಿದ್ದ ತಾತನ ಗತಿ? ಐದು ನಿಮಿಷ ನಾನು ಡಾಕ್ಟರ್ ಆಗಿರಲಿಲ್ಲ.

ಆಮೇಲೆ ನಿಧಾನವಾಗಿ ಲೆಕ್ಕ ಹಾಕಿದೆ. ನೆರಡಿಯ ಕಲೆ ಸಾಮಾನ್ಯವಾಗಿ ಒಂದು ವಾರದ ಒಳಗೇ ಬರುತ್ತದೆ, ಅದೂ ಹೆಣ ಮುಟ್ಟಿದ ಕೈಯಲ್ಲಿ, ತೋಳಲ್ಲಿ, ಮುಖದಲ್ಲಿ. ಸುತ್ತ ಜೋರು ಊತ ಇರುತ್ತದೆ. ನನ್ನದು ಬಟ್ಟೆಯ ಒಳಗೆ, ಬೆವರು ನಿಲ್ಲುವ ಜಾಗದಲ್ಲಿ. ಊತವೇ ಇಲ್ಲ. ಲೆಕ್ಕ ತಾಳೆಯಾಗಲಿಲ್ಲ. ಆದರೆ ತಾಳೆಯಾಗುವ ಇನ್ನೊಂದು ಹೆಸರು ನನ್ನ ತಲೆಗೆ ಹೊಳೆಯಲಿಲ್ಲ, ಅದು ನನ್ನ ದಡ್ಡತನ.

ಕೋಲಾರದಲ್ಲಿ ಫಿಸಿಷಿಯನ್ ಆಗಿರುವ ಪಿಯುಸಿ ಗೆಳೆಯನಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಮಾಡಿದ.

"ಇದು ನಿನ್ನ ನೆರಡಿ ಅಲ್ಲ ಕಣೋ. ಎಲ್ಲಾದ್ರೂ ಹುಲ್ಲಲ್ಲಿ ಮಲಗಿದ್ಯಾ?"

ಸ್ಕ್ರಬ್ ಟೈಫಸ್. ಹೆಸರಲ್ಲಿ ಟೈಫಸ್ ಇದ್ದರೂ ಟೈಫಾಯ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಓರಿಯೆನ್ಶಿಯಾ ತ್ಸುತ್ಸುಗಮುಷಿ ಅನ್ನುವ ಬ್ಯಾಕ್ಟೀರಿಯಾ ತರುವ ಕಾಯಿಲೆ. ಜಪಾನಿ ಭಾಷೆಯಲ್ಲಿ 'ಮುಷಿ' ಅಂದರೆ ಹುಳು. ಕಾಡಿಲಿ, ಹೊಲದಿಲಿಗಳ ಮೈಮೇಲೆ ಬದುಕುವ ಒಂದು ಜಾತಿಯ ನುಸಿಯ ಮರಿ ಇದನ್ನು ಹೊತ್ತು ತರುತ್ತದೆ. ದೊಡ್ಡ ನುಸಿ ಕಚ್ಚುವುದಿಲ್ಲ, ಮರಿ ಮಾತ್ರ. ಅದೂ ಕಣ್ಣಿಗೆ ಕಾಣದಷ್ಟು ಸಣ್ಣದು. ಹುಲ್ಲಿನ ತುದಿಯಲ್ಲಿ ಕಾದಿದ್ದು ಮೈಗೆ ಹತ್ತಿ, ಬಟ್ಟೆ ಬಿಗಿಯಾಗಿರುವ ಜಾಗದವರೆಗೆ ತೆವಳಿ ಅಲ್ಲಿ ಕಚ್ಚುತ್ತದೆ. ನನ್ನ ಮೈಮೇಲೆ ಉಡಿದಾರವೇ ಅದಕ್ಕೆ ಚೆಕ್‌ಪೋಸ್ಟ್ ಆಗಿತ್ತು. ತಾಯಿ ನುಸಿಯಿಂದ ಮೊಟ್ಟೆಗೂ ಬ್ಯಾಕ್ಟೀರಿಯಾ ದಾಟುತ್ತದೆ, ಹಾಗಾಗಿ ಒಂದು ಬದುವಿನಲ್ಲಿ ನೆಲೆಯಾದರೆ ಪೀಳಿಗೆಗಟ್ಟಲೆ ಅಲ್ಲೇ ಉಳಿಯಬಹುದು.

ಜಿಂಕೆಗೆ ಎರಡು ಜೊತೆ ಗ್ಲೌಸು ಹಾಕಿದ್ದೆ. ಇಲಿಯ ನುಸಿಗೆ ಟವೆಲ್ ಹಾಸಿ ಕೊಟ್ಟಿದ್ದೆ.

ಕೋಲಾರಕ್ಕೆ ಹೋದೆ. ಸ್ಕ್ರಬ್ ಟೈಫಸ್‌ಗೆ ಮಾಡುವ ರಕ್ತಪರೀಕ್ಷೆ, ಐಜಿಎಂ ಎಲೈಸಾ, ಪಾಸಿಟಿವ್ ಬಂತು, ಪ್ಲೇಟ್‌ಲೆಟ್ ಇಳಿದಿತ್ತು, ಲಿವರ್ ಕೂಡ ಸ್ವಲ್ಪ ಮುನಿಸಿಕೊಂಡಿತ್ತು. ಸೆಫ್‌ಟ್ರಯಾಕ್ಸೋನ್ ಈ ಬ್ಯಾಕ್ಟೀರಿಯಾಕ್ಕೆ ನಾಟುವುದೇ ಇಲ್ಲ ಅಂತ ಗೆಳೆಯ ಹೇಳಿದ. ಕೊಟ್ಟದ್ದು ಡಾಕ್ಸಿಸೈಕ್ಲಿನ್, 100 ಮಿಲಿಗ್ರಾಂ ದಿನಕ್ಕೆ ಎರಡರಂತೆ ಏಳು ದಿನ. ತಮಾಷೆ ನೋಡಿ, ಹಳೇ ಮಾತ್ರೆ, ಕಡಿಮೆ ಬೆಲೆ, ನೆರಡಿಗೂ ಇದನ್ನೇ ಕೊಡುತ್ತಾರೆ. ಎರಡನೇ ದಿನ ಸಂಜೆ ಜ್ವರ ಬಿಟ್ಟಿತು. ತಡ ಮಾಡಿದ್ದರೆ ಶ್ವಾಸಕೋಶ, ಮಿದುಳು, ಕಿಡ್ನಿ ಯಾವುದಕ್ಕಾದರೂ ಇಳಿಯಬಹುದಿತ್ತು. ಅದನ್ನು ಅವನು ನನಗೆ ಹೇಳಿದ್ದು ಗುಣವಾದ ಮೇಲೆ.

ಈಗ ಜೀಪಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇರುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತೂರಿಸುತ್ತೇನೆ, ಸೊಂಟಕ್ಕೂ ಕಾಲಿಗೂ ಸೊಳ್ಳೆ ಮುಲಾಮು ಹಚ್ಚುತ್ತೇನೆ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ನಾನು ಬಚ್ಚಲಿಗೆ. ಅಟೆಂಡರ್ ಹುಡುಗರು ಸ್ಟೂಲು ನೋಡಿ ಮುಸಿಮುಸಿ ನಗುತ್ತಾರೆ. ನಗಲಿ.

ಜನವರಿಯಲ್ಲಿ ಕುರಿಗಳ ಲಸಿಕೆಗೆ ಅದೇ ಊರಿಗೆ ಹೋದೆ. ತಾತ ಈ ಸಲ ಮಳೆಯ ಮಾತೆತ್ತದೆ ಕುರಿ ಹಿಡಿದು ಕೊಟ್ಟರು. ನಡುವೆ ಹೇಳಿದರು, ಮಗನಿಗೆ ಎಂಟು ದಿನದಿಂದ ಜ್ವರ, ಟೈಫಾಯ್ಡ್ ಅಂದಿದ್ದಾರೆ, ಬಿಡ್ತಾನೇ ಇಲ್ಲ.

ಸಿರಿಂಜ್ ಕೆಳಗಿಟ್ಟು ಮನೆಗೆ ಹೋದೆ. ನಾನು ದನದ ಡಾಕ್ಟರು, ಮನುಷ್ಯರಿಗೆ ಮಾತ್ರೆ ಕೊಡಲ್ಲ, ಬರೀ ನೋಡ್ತೀನಿ ಅಂತ ಮೊದಲೇ ಹೇಳಿದೆ. ಆ ಹುಡುಗ ಕಂಬಳಿ ಸರಿಸಿ ತೋಳೆತ್ತಿದ. ಎಡಗಂಕುಳಲ್ಲಿತ್ತು, ಬೀಡಿ ಸುಟ್ಟ ಹಾಗೆ.

ಲಸಿಕೆ ಪುಸ್ತಕದ ಹಿಂದಿನ ಹಾಳೆ ಹರಿದು ಬರೆದೆ: 'ಎಂಟು ದಿನದ ಜ್ವರ. ಹೊಲದಲ್ಲಿ ಮಲಗುವ ರೂಢಿ. ದಯವಿಟ್ಟು ಎಡ ಕಂಕುಳು ನೋಡಿ.' ಹನ್ನೊಂದು ಗಂಟೆಯ ಬಸ್ಸಿಗೆ ಅಪ್ಪ ಮಗ ಇಬ್ಬರನ್ನೂ ಹತ್ತಿಸಿದೆ. ಕುರಿಗಳನ್ನು ಸಂಜೆತನಕ ಸೊಸೆ ಹಿಡಿದುಕೊಟ್ಟಳು.