ಅಮ್ಮನ ಮಂಡಿನೋವು, ಮೂರು ಊರು, ಹದಿನೈದು ರಾತ್ರಿ

“ಪ್ಯಾರಿಸ್ ಇಲ್ಲ, ರೋಮ್ ಇಲ್ಲ, ಸ್ವಿಟ್ಜರ್ಲೆಂಡೂ ಇಲ್ಲ. ಮತ್ತೆ ಯುರೋಪಿಗೆ ಯಾತಕ್ಕೆ ಹೋಗ್ತಿದ್ದೀಯ?” ಅಂದಿದ್ದ ಅಣ್ಣ. ಆಫೀಸಿನಲ್ಲೂ ಇದೇ ರಾಗ. ಅರವತ್ತೆಂಟು ವರ್ಷದ, ಮಂಡಿನೋವಿರುವ, ಮೊಟ್ಟೆಯನ್ನೂ ಮುಟ್ಟದ ಅಮ್ಮನನ್ನು ಕರೆದುಕೊಂಡು ಯಾರೂ ಹೆಸರು ಕೇಳದ ಊರುಗಳಲ್ಲಿ ಹದಿನೈದು ದಿನ ಕೂರುವುದು ದುಡ್ಡು ದಂಡ ಅಂತ ಎಲ್ಲರ ತೀರ್ಮಾನ. 2025ರ ಮೇ ತಿಂಗಳಲ್ಲಿ ಹೋಗಿಬಂದೆವು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ನಾಲ್ಕು ರಾತ್ರಿ, ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ನಾಲ್ಕು, ಇಟಲಿಯ ಬೊಲೋನ್ಯಾದಲ್ಲಿ ಏಳು. ಇಬ್ಬರ ಖರ್ಚೂ ಸೇರಿ ಮೂರು ಲಕ್ಷ ತೊಂಬತ್ತು ಸಾವಿರದ ಆಸುಪಾಸು. ಅಣ್ಣ ವಿಚಾರಿಸಿಟ್ಟಿದ್ದ ಹನ್ನೊಂದು ದಿನದ ಪ್ಯಾಕೇಜಿಗೆ ತಲೆಗೆ ಎರಡೂಮುಕ್ಕಾಲು ಲಕ್ಷ ಇತ್ತು.

ಇದು ಒಂದೇ ಸಲಕ್ಕೆ ಕೈಗೂಡಿದ್ದಲ್ಲ. 2019ರಲ್ಲಿ ಗೆಳತಿಯ ಜೊತೆ ರೋಮಿನಿಂದ ಪ್ರಾಗ್‌ವರೆಗೆ ಹನ್ನೊಂದು ರಾತ್ರಿಯಲ್ಲಿ ಆರು ಊರು ಮುಗಿಸಿದ್ದೆ. ನೆನಪಿರುವುದು ಪ್ಲಾಟ್‌ಫಾರ್ಮು, ಲಾಕರು, ಕಲ್ಲುಹಾಸಿನ ಮೇಲೆ ಚಕ್ರ ಮುರಿದ ಸೂಟ್‌ಕೇಸು. ಅದಕ್ಕೂ ಮೊದಲು ವೀಸಾದಲ್ಲೇ ಎಡವಿದ್ದೆ. ಈ ದೇಶಗಳಿಗೆಲ್ಲ ಷೆಂಗೆನ್ ಅನ್ನುವ ಒಂದೇ ವೀಸಾ ಸಾಕು, ಆದರೆ ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅಲ್ಲಿಗೇ ಅರ್ಜಿ ಹಾಕಬೇಕು, ಸಮಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಗೊತ್ತಿದ್ದೂ ಕೊನೇ ಗಳಿಗೆಯಲ್ಲಿ ಹೋಟೆಲು ಬದಲಿಸಿ ಲೆಕ್ಕ ತಪ್ಪಿಸಿಕೊಂಡೆ. ಅರ್ಜಿ ತಿರಸ್ಕಾರವಾಗಿ, ಒಬ್ಬೊಬ್ಬರ 60 ಯೂರೋ ನೀರಲ್ಲಿ ಹೋಯಿತು. ಈಗ ಆ ಶುಲ್ಕ 90.

2019ರ ಆ ಓಡಾಟದಲ್ಲೇ ಒಂದು ರೈಲು ತಪ್ಪಿ, ಬೊಲೋನ್ಯಾದಲ್ಲಿ ಒಂದು ರಾತ್ರಿ ಉಳಿಯಬೇಕಾಯಿತು. ಹನ್ನೊಂದು ರಾತ್ರಿಯಲ್ಲಿ ನೆಮ್ಮದಿಯಾಗಿ ಉಂಡು ಮಲಗಿದ್ದು ಅದೊಂದೇ. ನನ್ನ ಪದ್ಧತಿ ಶುರುವಾದದ್ದು ಅಲ್ಲಿಂದ: ಮೂರು-ನಾಲ್ಕು ಲಕ್ಷ ಜನರ ಊರು, ನಡೆದೇ ಮುಗಿಯುವ ಹಳೇ ಪೇಟೆ, ನಾಲ್ಕೂ ದಿಕ್ಕಿಗೆ ರೈಲು.

ಅದನ್ನು ಪರೀಕ್ಷೆ ಮಾಡಲೆಂದು 2023ರಲ್ಲಿ ಮತ್ತೆ ಬೊಲೋನ್ಯಾಗೆ ಹೋದೆ, ಆಗಸ್ಟ್‌ನಲ್ಲಿ. ಆಗಸ್ಟ್ 15 ಇಟಲಿಯ ದೊಡ್ಡ ರಜೆ. ಅದರ ಹಿಂದೆ ಮುಂದೆ ಊರವರು ಕಡಲ ತೀರಕ್ಕೆ ಹೋಗಿಬಿಡುತ್ತಾರೆ. ಬೇಕರಿಗೂ ಬೀಗ, ತರಕಾರಿ ಅಂಗಡಿಗೂ ಬೀಗ, ಷಟರ್ ಮೇಲೆ ಕೈಬರಹದ ಚೀಟಿ: ರಜೆ, ಇಂಥ ತಾರೀಖಿಗೆ ತೆರೆಯುತ್ತೇವೆ. ಮೂವತ್ತೆಂಟು ಡಿಗ್ರಿ ಬಿಸಿಲು ಬೇರೆ. ಮೂರೇ ದಿನಕ್ಕೆ ಗಂಟುಮೂಟೆ ಕಟ್ಟಿದೆ. ಪ್ರವಾಸಿಗರ ಮೇಲೆ ಬದುಕುವ ಊರಾದರೆ ಹೀಗೆ ಮುಚ್ಚುವುದಿಲ್ಲ. ಊರವರಿಗಾಗಿಯೇ ನಡೆಯುವ ಊರು ಊರವರು ಹೋದಾಗ ಮುಚ್ಚುತ್ತದೆ. ಆದ್ದರಿಂದ ಇಂಥ ಊರುಗಳಿಗೆ ಮೇ, ಜೂನ್ ಅಥವಾ ಸೆಪ್ಟೆಂಬರ್. ಇನ್ನೊಂದು: ಬೊಲೋನ್ಯಾದಲ್ಲಿ ದೊಡ್ಡ ವ್ಯಾಪಾರ ಮೇಳಗಳು ನಡೆಯುತ್ತವೆ. ಮೇಳದ ವಾರ 80 ಯೂರೋದ ಕೋಣೆ 230 ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಮೇಳದ ಪಟ್ಟಿ, ಆಮೇಲೆ ವಿಮಾನದ ಟಿಕೆಟ್.

ಈ ಸಲದ ವಿಮಾನ ನನ್ನ ಹೆಮ್ಮೆ. ಬೆಂಗಳೂರಿನಿಂದ ದುಬೈ ಮೇಲೆ ವಿಯೆನ್ನಾ, ವಾಪಸ್ಸು ಬೊಲೋನ್ಯಾದಿಂದ ದುಬೈ ಮೇಲೆ ಬೆಂಗಳೂರು, ಎರಡೂ ಒಂದೇ ಟಿಕೆಟ್‌ನಲ್ಲಿ. ದುಬೈಯಿಂದ ಬೊಲೋನ್ಯಾಗೆ ನೇರ ವಿಮಾನ ಇರುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ತಲೆಗೆ 66 ಸಾವಿರ ಬಿತ್ತು. ಇಳಿದ ಊರಿಗೇ ಮರಳುವ ಒಂದು ದಿನ, ಒಂದು ಹೋಟೆಲು ಉಳಿಯಿತು. ಕೋಣೆಗಳಿಗೆ ಒಟ್ಟು 1,250 ಯೂರೋ, ಆಗ ಯೂರೋಗೆ 96 ರೂಪಾಯಿ ಇದ್ದ ನೆನಪು. ಬೊಲೋನ್ಯಾದಲ್ಲಿ ಏಳು ರಾತ್ರಿ ಇಟ್ಟದ್ದಕ್ಕೆ ಎರಡು ಕಾರಣ: ವೀಸಾ ಇಟಲಿಯದಾಗುತ್ತದೆ, ಜೊತೆಗೆ ವಾರದ ರಿಯಾಯಿತಿ ಸಿಗುತ್ತದೆ. ಆ ಮನೆ ಯಾವ ಬೀದಿಯಲ್ಲಿ, ಮಾಲೀಕರ ಹತ್ತಿರ ಇನ್ನೂ ಹೇಗೆ ಇಳಿಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮುಂದಿನ ಸಲಕ್ಕೆ ಅದು ನನಗೇ ಬೇಕು.

ಗ್ರಾಜ್‌ಗೆ ತಲುಪಿದ್ದು ಶನಿವಾರ ಸಂಜೆ ಏಳಕ್ಕೆ, ಅದೇ ತಪ್ಪು. ಆಸ್ಟ್ರಿಯಾದಲ್ಲಿ ಶನಿವಾರ ಆರಕ್ಕೆ ಅಂಗಡಿ ಬಾಗಿಲು, ಭಾನುವಾರ ಪೂರ್ತಿ ರಜೆ. ರೈಲು ನಿಲ್ದಾಣದ ಅಂಗಡಿಯೊಂದು ತೆರೆದಿದ್ದಕ್ಕೆ ಹಾಲು, ಮೊಸರು, ಟೊಮೇಟೊ ಸಿಕ್ಕಿತು. ಅಮ್ಮನಿಗೆ ಆ ಊರು ಹಿಡಿಸಿದ್ದು ಸೋಮವಾರ ಬೆಳಿಗ್ಗೆ, ಕೈಸರ್ ಜೋಸೆಫ್ ಚೌಕದ ರೈತರ ಸಂತೆಯಲ್ಲಿ. ಆ ಸೀಮೆಯ ಹೆಸರುವಾಸಿ ಸರಕು ಕುಂಬಳ ಬೀಜದ ಎಣ್ಣೆ. ಹುರಿದ ಬೀಜದಿಂದ ತೆಗೆದದ್ದು, ಬಾಟಲಿಯಲ್ಲಿ ಕಪ್ಪು, ತಟ್ಟೆಗೆ ಸುರಿದರೆ ಕಡುಹಸಿರು, ಬಟ್ಟೆಗೆ ತಾಗಿದರೆ ಕಲೆಯಾಗುತ್ತದೆ. ತುಪ್ಪ ಒಯ್ಯುವಂತಿರಲಿಲ್ಲ, ಹೊರಗಿನ ಹಾಲಿನ ಪದಾರ್ಥವನ್ನು ಅವರು ಒಳಗೆ ಬಿಡುವುದಿಲ್ಲ. ಅಮ್ಮ ಬಿಸಿ ಅನ್ನಕ್ಕೆ ಚಟ್ನಿಪುಡಿ ಉದುರಿಸಿ, ನಡುವೆ ಬೆರಳಲ್ಲಿ ಗುಳಿ ಮಾಡಿ ಈ ಎಣ್ಣೆ ಎರಡು ಚಮಚ ಬಿಟ್ಟು ಕಲೆಸಿದರು. ಹುಚ್ಚೆಳ್ಳಿನ ಎಣ್ಣೆಯನ್ನು ಬೆಣ್ಣೆಯ ಹಾಗೆ ಮೆತ್ತಗೆ ಮಾಡಿದಂಥ ರುಚಿ. ಆಮೇಲೆ ಉಳಿದಷ್ಟೂ ದಿನ ಒಂದು ಹೊತ್ತು ಅದೇ ಊಟ. ಊಟಕ್ಕೆ ದಿನಕ್ಕೆ 40 ಯೂರೋ ದಾಟದೆ ಇದ್ದದ್ದು ಅದರಿಂದಲೇ.

ಗ್ರಾಜ್‌ನ ನಡುಮಧ್ಯದ ಗುಡ್ಡಕ್ಕೆ ಬಂಡೆಯ ಒಳಗಿನಿಂದಲೇ ಲಿಫ್ಟ್ ಇದೆ. ಮೇಲಿನ ಗಡಿಯಾರದಲ್ಲಿ ಉದ್ದದ ಮುಳ್ಳು ಗಂಟೆಯದು, ಗಿಡ್ಡದ್ದು ನಿಮಿಷದ್ದು. ಅಮ್ಮ ಪ್ರತಿದಿನ ಕೆಳಗಿನಿಂದ ನೋಡಿ ಸಮಯ ಓದುವುದನ್ನು ಅಭ್ಯಾಸ ಮಾಡಿಕೊಂಡರು.

ಲ್ಯುಬ್ಲಿಯಾನಾಗೆ ಹೋಗುವ ದಾರಿಯಲ್ಲಿ ಮಾರಿಬೋರ್‌ನಲ್ಲಿ ಮೂರು ಗಂಟೆ ಇಳಿದದ್ದು ನನ್ನ ಪ್ರಯೋಗ. ಅಲ್ಲೊಂದು ಮನೆಯ ಗೋಡೆಗೆ ಹಬ್ಬಿದ ದ್ರಾಕ್ಷಿ ಬಳ್ಳಿಗೆ ನಾನೂರಕ್ಕೂ ಹೆಚ್ಚು ವರ್ಷ. ಇಂದಿಗೂ ಕಾಯಿ ಬಿಡುತ್ತದೆ. ಸೂಟ್‌ಕೇಸ್ ಎಳೆದುಕೊಂಡು ನದಿಯವರೆಗೆ ಇಳಿದದ್ದು ಅಮ್ಮನ ಕಾಲಿಗೆ ಹೆಚ್ಚಾಯಿತು, ಇನ್ನೊಮ್ಮೆ ಮಾಡುವುದಿಲ್ಲ. ಲ್ಯುಬ್ಲಿಯಾನಾದಲ್ಲಿ ಅದಕ್ಕೆ ಪರಿಹಾರ ಸಿಕ್ಕಿತು. ಹಳೇ ಪೇಟೆಯೊಳಗೆ ಕಾರು ಬಿಡುವುದಿಲ್ಲ. ಬದಲಿಗೆ ಕವಾಲಿರ್ ಅನ್ನುವ ಕರೆಂಟು ಬಂಡಿಗಳು ನಡಿಗೆಯ ವೇಗದಲ್ಲಿ ಓಡಾಡುತ್ತವೆ. ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ, ಕಾಸು ಕೇಳುವುದಿಲ್ಲ. ವಾಸ್ತುಶಿಲ್ಪಿ ಪ್ಲೆಚ್ನಿಕ್ ರೂಪ ಕೊಟ್ಟ, ಒತ್ತೊತ್ತಿಗೇ ಇರುವ ಮೂರು ಸೇತುವೆ, ಅವನದೇ ಕಂಬಸಾಲಿನ ಮಾರುಕಟ್ಟೆ, ಎಲ್ಲಕ್ಕೂ ಅಮ್ಮ ಬಂಡಿಯಲ್ಲೇ ರಾಣಿಯ ಹಾಗೆ. ಬ್ಲೆಡ್ ಸರೋವರಕ್ಕೆ ಮಾತ್ರ ರೈಲು ಹತ್ತಿ ಕೆಟ್ಟೆ. ಲೆಸ್ಚೆ ನಿಲ್ದಾಣದಿಂದ ಕೆರೆ ಇನ್ನೂ ನಾಲ್ಕು ಕಿಲೋಮೀಟರ್. ಬಸ್ಸಿನಲ್ಲೇ ಹೋಗಿ.

ಬೊಲೋನ್ಯಾಗೆ ಐದು ಗಂಟೆ ಚಿಲ್ಲರೆಯ ಬಸ್ಸು. ಇಳಿದ ದಿನವೇ ಮಳೆ ಹಿಡಿಯಿತು, ಎರಡು ದಿನ ಬಿಡಲಿಲ್ಲ. ನಾವು ಕೊಡೆ ಬಿಚ್ಚಲಿಲ್ಲ. ಆ ಊರಿನ ಬೀದಿಬದಿಯೆಲ್ಲ ಕಂಬಸಾಲಿನ ಜಗಲಿ, ಒಟ್ಟು ಸುಮಾರು 62 ಕಿಲೋಮೀಟರ್. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1288ರ ಶಾಸನದ ಪ್ರಕಾರ ಹೊಸ ಮನೆಗೆ ಜಗಲಿ ಕಡ್ಡಾಯ, ಕುದುರೆ ಸವಾರ ತಲೆ ತಗ್ಗಿಸದೆ ದಾಟುವಷ್ಟು ಎತ್ತರ ಬೇಕು. ಜಾಗ ಮನೆಯವರದು, ನಡೆಯುವ ಹಕ್ಕು ಊರಿನದು. ಸ್ತ್ರಾದಾ ಮಾಜ್ಜೋರೆ ಬೀದಿಯಲ್ಲಿ ಕಲ್ಲಿನ ಬದಲು ಓಕ್ ಮರದ ಕಂಬಗಳ ಮನೆಯೊಂದಿದೆ, ಮೂರಾಳು ದಾಟುವ ಎತ್ತರ. ಅಮ್ಮ ಆ ಕಂಬಕ್ಕೆ ಅಂಗೈ ಇಟ್ಟು, ಬಿರುಕಿನಲ್ಲಿ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. “ನಮ್ಮಜ್ಜಿ ಮನೆ ತೊಟ್ಟಿಯ ಕಂಬ ಮುಟ್ಟಿದ ಹಾಗಿದೆ ಕಣೇ” ಅಂದರು. ಇಂಥದ್ದಕ್ಕೆ ಪ್ಯಾಕೇಜಿನಲ್ಲಿ ಸಮಯ ಸಿಗುವುದಿಲ್ಲ.

ಸಾನ್ ಲೂಕಾ ಗುಡಿಯ ಜಗಲಿ 3.8 ಕಿಲೋಮೀಟರ್, 666 ಕಮಾನು. ಸಮತಟ್ಟಾದ ಮೊದಲ ಭಾಗ ಅಮ್ಮ ನಡೆದರು, ಏರು ನಾನೊಬ್ಬಳೇ ಹತ್ತಿದೆ. ಅಸಿನೆಲ್ಲಿ ಗೋಪುರ ಹತ್ತುವ ಆಸೆ ಇಟ್ಟುಕೊಳ್ಳಬೇಡಿ. ಪಕ್ಕದ ಗರಿಸೆಂದಾ ವಾಲಿರುವುದರಿಂದ 2023ರ ಕೊನೆಯಿಂದ ಮುಚ್ಚಿದ್ದಾರೆ.

ಊಟದಲ್ಲಿ ಎಚ್ಚರ ಬೇಕು. ಕ್ರೆಶೆಂತಿನೆ ನೋಡಲು ಪೂರಿಯ ಹಾಗೆ, ಆದರೆ ಹಿಟ್ಟಿಗೆ ಹಂದಿಕೊಬ್ಬು ಬೆರೆಸುವುದು ವಾಡಿಕೆ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ. ಅಮ್ಮನಿಗೆ ಸರಿಹೋದದ್ದು ಎರ್ಬೆ ಮಾರುಕಟ್ಟೆಯ ತರಕಾರಿ, ಮನೆಯ ಒಲೆ.

ಬೊಲೋನ್ಯಾದಿಂದ ರವೆನ್ನಾ ಊರಿಗೆ ಪ್ರಾದೇಶಿಕ ರೈಲಿನಲ್ಲಿ ಗಂಟೆಯ ಮೇಲೆ ಹತ್ತು-ಹದಿನೈದು ನಿಮಿಷ. ಈ ರೈಲಿಗೆ ಮುಂಗಡ ಕೊಂಡರೂ ಅದೇ ದರ. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಯಂತ್ರದಲ್ಲಿ ಒತ್ತಿಸಲೇಬೇಕು, 2019ರಲ್ಲಿ ಮರೆತು 50 ಯೂರೋ ದಂಡ ಕಟ್ಟಿದ್ದೆ. ಅಲ್ಲಿ ರೋಮನ್ ರಾಣಿ ಗಾಲ್ಲಾ ಪ್ಲಾಚಿದಿಯಾಳ ಹೆಸರಿನ ಸಮಾಧಿಯೊಳಗೆ ಕಡುನೀಲಿ ಚಾವಣಿಯ ತುಂಬ ಚಿನ್ನದ ನಕ್ಷತ್ರ, ಐದನೇ ಶತಮಾನದ ಕೆಲಸ. ಕತ್ತೆತ್ತಿ ನೋಡಿದ ಅಮ್ಮ ಹೊರಗೆ ಬಂದು ಹತ್ತು ನಿಮಿಷ ಮಾತಾಡಲಿಲ್ಲ. ಫ್ಲಾರೆನ್ಸಿಗೂ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗೆ ಹೋಗಿ, ನೂಕುನುಗ್ಗಲು ಸಾಕಾಗಿ ಮಧ್ಯಾಹ್ನಕ್ಕೇ “ಊರಿಗೆ ಹೋಗೋಣ” ಅಂದರು. ಊರು ಅಂದದ್ದು ಬೊಲೋನ್ಯಾವನ್ನು.

ಎಣ್ಣೆ ಅರ್ಧ ಲೀಟರಿನ ಎರಡು ಡಬ್ಬಿ ತಂದೆವು. ಕೈಚೀಲದಲ್ಲಿ ಬಿಡುವುದಿಲ್ಲ. ಮುಚ್ಚಳಕ್ಕೆ ಟೇಪು ಸುತ್ತಿ, ಹಳೇ ಟವೆಲಿನಲ್ಲಿ ಬಿಗಿದು, ಚೆಕ್‌-ಇನ್ ಸೂಟ್‌ಕೇಸಿನ ನಡುವೆ ಇಟ್ಟೆ. ಒಂದು ತೊಟ್ಟೂ ಚೆಲ್ಲಲಿಲ್ಲ.