ಪೋರ್ಚುಗೀಸ್ ಪದವಿಯ ವರ್ಷಗಳು: ಕಿವಿ, ವ್ಯಾಕರಣ ಮತ್ತು ಬಿಸ್ನಗದ ವೃತ್ತಾಂತ

ಪೋರ್ಚುಗೀಸ್ ಭಾಷೆ ಮತ್ತು ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡ ಅನೇಕರು ಎರಡನೆಯ ವರ್ಷದಲ್ಲಿ ಸೊರಗುವುದನ್ನು ನಾನು ನೋಡಿದ್ದೇನೆ. ಮೊದಲ ವರ್ಷ ಎಲ್ಲವೂ ಹೊಸದು. ಪರಿಚಯ ಹೇಳಿಕೊಳ್ಳುವುದು, ದಾರಿ ಕೇಳುವುದು, ಸಣ್ಣ ಪತ್ರ ಬರೆಯುವುದು ಸಲೀಸಾಗಿ ಬರುತ್ತದೆ. ಆಮೇಲೆ ಕ್ರಿಯಾಪದಗಳ ಪಟ್ಟಿ, ಅರ್ಥವಾಗದ ರೇಡಿಯೋ, ಹದಿನಾರನೆಯ ಶತಮಾನದ ಕಾವ್ಯ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ. ಆ ಹಂತದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾಷೆಯ ಮೇಲಿನ ಸಾಮಾನ್ಯ ಪ್ರೀತಿಯಲ್ಲ; ಮೂಲದಲ್ಲೇ ಓದಬೇಕೆಂದು ಹಂಬಲಿಸಿದ ಒಂದು ಪಠ್ಯ. ಪೋರ್ಚುಗೀಸರು ‘ಬಿಸ್ನಗ’ ಎಂದು ಕರೆದ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯೆಸ್‌ನ ವೃತ್ತಾಂತ ಅದು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವನ ಹೆಸರು ಎಲ್ಲರೂ ಕೇಳಿರುತ್ತೇವೆ, ಅವನ ವಾಕ್ಯಗಳನ್ನು ಅವನ ಭಾಷೆಯಲ್ಲಿ ಓದಿದವರು ಬಹಳ ಕಡಿಮೆ. ಅಲ್ಲಿಗೆ ತಲುಪಲು ನಾನು ಏನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಿವಿಯ ವಿಚಾರ. ಕನ್ನಡದವರಿಗೆ ಪೋರ್ಚುಗೀಸಿನಲ್ಲಿ ಅತ್ಯಂತ ಕಷ್ಟವಾದದ್ದು ಇದೇ ಎಂದು ನಾನು ದೃಢವಾಗಿ ಹೇಳುತ್ತೇನೆ. ನಾವು ಪ್ರತಿ ಸ್ವರವನ್ನೂ ತುಂಬಿ ಉಚ್ಚರಿಸುವವರು. ಲಿಸ್ಬನ್ನಿನ ಜನ ಒತ್ತು ಬೀಳದ ಸ್ವರಗಳನ್ನು ಬಹುತೇಕ ನುಂಗಿಬಿಡುತ್ತಾರೆ. ಪುಸ್ತಕದಲ್ಲಿ ‘ಟೆಲೆಫೋನೆ’ ಎಂದು ಕಾಣುವ ಪದ ಬಾಯಿಯಲ್ಲಿ ‘ತ್ಲ್‌ಫಾನ್’ ಎಂಬಂತೆ ಕೇಳುತ್ತದೆ. ಪದಗಳ ಕೊನೆಯ ‘ಸ’ಕಾರ ‘ಶ’ಕಾರವಾಗುತ್ತದೆ, ಮುಂದಿನ ಪದ ಸ್ವರದಿಂದ ಶುರುವಾದರೆ ‘ಜ’ಕಾರದ ಕಡೆಗೆ ವಾಲಿ ಅದಕ್ಕೆ ಅಂಟಿಕೊಳ್ಳುತ್ತದೆ. ಇದರ ಮೇಲೆ ಮೂಗಿನಿಂದ ಹೊರಡುವ ಸ್ವರಗಳು. ಇನ್ನೂ ಸೂಕ್ಷ್ಮವಾದದ್ದು ತೆರೆದ ಮತ್ತು ಮುಚ್ಚಿದ ‘ಓ’ಗಳ ಭೇದ: ಅಜ್ಜ ಮತ್ತು ಅಜ್ಜಿ ಎಂಬ ಎರಡು ಪದಗಳು ಆ ಒಂದೇ ಸ್ವರದ ವ್ಯತ್ಯಾಸದ ಮೇಲೆ ನಿಂತಿವೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಬರೆದುಕೊಳ್ಳುವುದು. ಪೋರ್ಚುಗಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆಯಾದ ಆರ್‌ಟಿಪಿಯ ರೇಡಿಯೋ ವಾರ್ತೆಯಿಂದ ಒಂದು ನಿಮಿಷದಷ್ಟು ಭಾಗವನ್ನು ಆರಿಸಿಕೊಂಡು, ಕೇಳಿದ್ದನ್ನು ಕೇಳಿದಂತೆ ಕಾಗದದ ಮೇಲೆ ಇಳಿಸುತ್ತಿದ್ದೆ. ಗೊತ್ತಾಗದ ಕಡೆ ಖಾಲಿ ಜಾಗ ಬಿಟ್ಟು ಮತ್ತೆ ಕೇಳುತ್ತಿದ್ದೆ. ಸ್ವಲ್ಪ ಬಲ ಬಂದ ಮೇಲೆ ಪೋರ್ಚುಗಲ್ ಸಂಸತ್ತಿನ ಚರ್ಚೆಗಳಿಗೆ ಹೋದೆ. ಅಲ್ಲಿ ದೃಶ್ಯವೂ ಸಿಗುತ್ತದೆ, ಕಲಾಪದ ಅಧಿಕೃತ ಮುದ್ರಿತ ವರದಿಯೂ ಸಿಗುತ್ತದೆ; ನನ್ನ ಬರಹವನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಮಾತಿನ ತೊದಲು, ಅರ್ಧಕ್ಕೆ ನಿಂತ ವಾಕ್ಯಗಳನ್ನು ವರದಿಯಲ್ಲಿ ತಿದ್ದಿರುತ್ತಾರೆ. ಆ ವ್ಯತ್ಯಾಸವನ್ನು ಗುರುತಿಸುವುದೇ ಒಂದು ಒಳ್ಳೆಯ ಪಾಠ, ಏಕೆಂದರೆ ಆಡುವ ಭಾಷೆಗೂ ಬರೆಯುವ ಭಾಷೆಗೂ ಇರುವ ದೂರ ಅಲ್ಲಿ ಎದ್ದು ಕಾಣುತ್ತದೆ. ಸಿನಿಮಾ ನೋಡಿ ಕಲಿಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನ್ನ ಮಟ್ಟಿಗೆ ಅದು ಮೂರನೆಯ ವರ್ಷದ ಕೆಲಸ. ಅದಕ್ಕೂ ಮುಂಚೆ ನೋಡಿದರೆ ಉಪಶೀರ್ಷಿಕೆಗಳನ್ನು ಓದಿದ್ದಷ್ಟೇ ಉಳಿಯುತ್ತದೆ.

ಯಾವ ಪೋರ್ಚುಗೀಸ್ ಎಂಬ ಪ್ರಶ್ನೆಯನ್ನು ಮೊದಲ ವರ್ಷವೇ ಇತ್ಯರ್ಥ ಮಾಡಿಕೊಳ್ಳಬೇಕು. ಪೋರ್ಚುಗಲ್ಲಿನಲ್ಲಿ ಇರುವವರು ಸುಮಾರು ಒಂದು ಕೋಟಿ, ಬ್ರೆಜಿಲ್‌ನಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಅಂಗೋಲಾ, ಮೊಜಾಂಬಿಕ್, ಕೇಪ್ ವರ್ಡೆ, ಗಿನಿ-ಬಿಸಾವ್, ಸಾವೊ ತೊಮೆ, ಪೂರ್ವ ಟಿಮೋರ್‌ಗಳಲ್ಲೂ ಇದು ಆಡಳಿತ ಭಾಷೆ. ಬ್ರೆಜಿಲಿಯನ್ನರು ಸ್ವರಗಳನ್ನು ಬಿಡಿಸಿ ಹೇಳುವುದರಿಂದ ನಮ್ಮ ಕಿವಿಗೆ ಅವರ ಮಾತು ಬೇಗ ಹತ್ತಿರವಾಗುತ್ತದೆ. ಲಿಸ್ಬನ್ನಿನಲ್ಲಿ ‘ದೀಅ’ ಆಗಿರುವುದು ರಿಯೋದಲ್ಲಿ ‘ಜೀಅ’. ರೈಲು, ಬಸ್ಸು, ಬೆಳಗಿನ ತಿಂಡಿಗೆ ಎರಡೂ ದೇಶಗಳಲ್ಲಿ ಬೇರೆ ಬೇರೆ ಪದಗಳು. ಹಳೆಯ ದಾಖಲೆಗಳನ್ನು ಓದುವ ಆಸೆ ಇದ್ದುದರಿಂದ ನಾನು ಪೋರ್ಚುಗಲ್ಲಿನ ರೂಢಿಯನ್ನು ಹಿಡಿದೆ, ಆದರೆ ಬ್ರೆಜಿಲ್‌ನ ಪತ್ರಿಕೆ ಓದುವುದನ್ನು ಬಿಡಲಿಲ್ಲ. ಬರೆಯುವಾಗ ಒಂದೇ ರೂಢಿಗೆ ಬದ್ಧರಾಗಿರಬೇಕು. ಓದುವಾಗ, ಕೇಳುವಾಗ ಎರಡೂ ಬೇಕು. 1990ರಲ್ಲಿ ಕಾಗುಣಿತ ಒಪ್ಪಂದಕ್ಕೆ ಸಹಿ ಬಿದ್ದರೂ ಪೋರ್ಚುಗಲ್ಲಿನ ಕೆಲವು ಲೇಖಕರು ಇಂದಿಗೂ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿದ್ದಾರೆ. ಹಾಗಾಗಿ ಎರಡು ರೂಪಗಳು ಕಂಡರೆ ಗಾಬರಿಪಡಬೇಕಿಲ್ಲ.

ವ್ಯಾಕರಣದಲ್ಲಿ ನಾನು ಹೆಚ್ಚು ಶ್ರಮ ಹಾಕಿದ್ದು ಎರಡು ಕಡೆ. ‘ಓದಲು’, ‘ಬರೆಯಲು’ ಎಂಬಂಥ ರೂಪಕ್ಕೂ ಪೋರ್ಚುಗೀಸಿನಲ್ಲಿ ನಾನು, ನಾವು, ಅವರು ಎಂಬ ಪುರುಷ ಪ್ರತ್ಯಯ ಹತ್ತುತ್ತದೆ. ಯಾರು ಓದಲು ಎಂಬುದು ಕ್ರಿಯಾಪದದಲ್ಲೇ ತಿಳಿಯುತ್ತದೆ. ಇನ್ನೊಂದು, ‘ನೀನು ಬಂದಾಗ’, ‘ಮಳೆ ಬಂದರೆ’ ಎಂದು ಮುಂದಾಗಬಹುದಾದದ್ದನ್ನು ಹೇಳಲು ಇರುವ ಪ್ರತ್ಯೇಕ ಭವಿಷ್ಯತ್ ರೂಪ. ಇವೆರಡನ್ನೂ ಪಟ್ಟಿಯಿಂದ ಕಂಠಪಾಠ ಮಾಡಿದರೆ ನಿಲ್ಲುವುದಿಲ್ಲ. ಕಾನೂನು, ಅರ್ಜಿ ನಮೂನೆ, ಅಡುಗೆಯ ವಿಧಾನ ಇಂಥವುಗಳಲ್ಲಿ ಇವು ಹೇರಳವಾಗಿ ಬರುತ್ತವೆ. ಓದುವಾಗ ಅಡಿಗೆರೆ ಎಳೆದು ಇಡೀ ವಾಕ್ಯವನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸುತ್ತಾ ಹೋದೆ. ಪದವಿ ಮುಗಿಯುವ ಹೊತ್ತಿಗೆ ಆ ಪುಸ್ತಕವೇ ನನ್ನ ವ್ಯಾಕರಣವಾಗಿತ್ತು. ಸರ್ವನಾಮವನ್ನು ಕ್ರಿಯಾಪದದ ಹೊಟ್ಟೆಯೊಳಗೇ ಸೇರಿಸುವ ಒಂದು ರೂಪವೂ ಇದೆ. ಆಡುವಾಗ ಅದು ಅಪರೂಪ, ಬರಹದಲ್ಲಿ ಗುರುತಿಸಲು ಬಂದರೆ ಸಾಕು.

ಸಂಬೋಧನೆಯ ವಿಷಯದಲ್ಲಿ ನಮಗೆ ಅನುಕೂಲವಿದೆ. ನೀನು, ನೀವು, ತಾವು ಎಂದು ಅಳೆದು ಮಾತನಾಡಿ ಅಭ್ಯಾಸವಿರುವವರಿಗೆ ಪೋರ್ಚುಗಲ್ಲಿನ ಗೌರವದ ಮೆಟ್ಟಿಲುಗಳು ಬೇಗ ಹಿಡಿತಕ್ಕೆ ಸಿಗುತ್ತವೆ. ಅಲ್ಲಿ ಅಧ್ಯಾಪಕಿಯ ಎದುರೇ ನಿಂತು ‘ಪ್ರಾಧ್ಯಾಪಕಿಯವರು ನನ್ನ ಪ್ರಬಂಧ ಓದಿದರೇ?’ ಎಂದು ಪ್ರಥಮ ಪುರುಷದಲ್ಲಿ ಕೇಳುವುದು ವಾಡಿಕೆ. ಬ್ರೆಜಿಲ್‌ನಲ್ಲಿ ದಿನನಿತ್ಯದ ಮಾತಿನಲ್ಲಿ ಎದುರಿಗಿರುವವರನ್ನು ಕರೆಯುವ ‘ವೊಸೆ’ ಎಂಬ ಸರ್ವನಾಮ ಸರಾಗವಾಗಿ ನಡೆಯುತ್ತದೆ. ಪೋರ್ಚುಗಲ್ಲಿನ ಹಿರಿಯರಿಗೆ ಅದು ಒರಟಾಗಿ ಕೇಳಿಸಬಹುದು. ಪತ್ರವ್ಯವಹಾರ ಮಾಡುವ ಮುಂಚೆ ಇದನ್ನು ತಿಳಿದಿರಬೇಕು.

ಸಾಹಿತ್ಯದ ಪಠ್ಯಕ್ರಮದಲ್ಲಿ ಕಮೋಯಿನ್ಸ್‌ನ ಮಹಾಕಾವ್ಯ ತಪ್ಪುವುದಿಲ್ಲ. 1572ರಲ್ಲಿ ಅಚ್ಚಾದ ‘ಓಸ್ ಲುಸಿಯಾದಸ್’ ವಾಸ್ಕೊ ಡ ಗಾಮನ ಭಾರತಯಾನವನ್ನು ಹೇಳುತ್ತದೆ: ಹತ್ತು ಸರ್ಗಗಳು, 1,102 ಪದ್ಯಗಳು, ಪ್ರತಿ ಪದ್ಯಕ್ಕೂ ಎಂಟು ಸಾಲು. ಮೌನವಾಗಿ ಓದಿದಾಗ ನನಗೆ ಅದು ಒಲಿಯಲಿಲ್ಲ. ಭಾಮಿನಿ ಷಟ್ಪದಿಯನ್ನು ಗಮಕಿಗಳು ಹಾಡಿದಾಗ ಅರ್ಥ ತಾನಾಗಿ ಬಿಡಿಸಿಕೊಳ್ಳುವ ಹಾಗೆ, ಇದನ್ನೂ ಗಟ್ಟಿಯಾಗಿ ಓದಿದಾಗ ಮೊದಲ ಆರು ಸಾಲುಗಳ ಹೆಣೆದ ಪ್ರಾಸ, ಕೊನೆಯ ಜೋಡಿ ಸಾಲಿನ ಮುಕ್ತಾಯ ಎರಡೂ ವಾಕ್ಯದ ಕಟ್ಟನ್ನು ತೋರಿಸಿಕೊಟ್ಟವು. ಅಂದಿನಿಂದ ಪದ್ಯವನ್ನು ಮೊದಲು ಬಾಯಿಯಲ್ಲಿ ಓದಿ, ಆಮೇಲೆ ಗದ್ಯಕ್ಕೆ ಇಳಿಸಿ, ಕಡೆಗೆ ಟಿಪ್ಪಣಿ ನೋಡುವ ಕ್ರಮ ಇಟ್ಟುಕೊಂಡೆ.

ಸಂಸ್ಕೃತಿ ಎಂಬ ಪತ್ರಿಕೆಯಲ್ಲಿ ಫಾದು ಸಂಗೀತ, ಬಣ್ಣದ ಹೆಂಚುಗಳು, ಹಬ್ಬಗಳು ಬರುತ್ತವೆ. ಅವು ಇಷ್ಟವಾದವು. ಆದರೆ ಅಲ್ಲಿಗೇ ನಿಂತರೆ ಈ ವಿಷಯಕ್ಕೆ ಅನ್ಯಾಯ ಮಾಡಿದಂತೆ. 1510ರಲ್ಲಿ ಗೋವಾ ವಶವಾದದ್ದು, 1560ರಲ್ಲಿ ಅಲ್ಲಿ ಧರ್ಮ ವಿಚಾರಣಾ ನ್ಯಾಯಾಲಯ ಕಾಲಿಟ್ಟದ್ದು, ಅಟ್ಲಾಂಟಿಕ್ ದಾಟಿಸಿ ಆಫ್ರಿಕದ ಜನರನ್ನು ಗುಲಾಮರಾಗಿ ಬ್ರೆಜಿಲ್‌ಗೆ ಒಯ್ದದ್ದು, ಅಲ್ಲಿ ಗುಲಾಮಗಿರಿ 1888ರವರೆಗೂ ಕಾನೂನುಬದ್ಧವಾಗಿ ಉಳಿದದ್ದು, ಇವೆಲ್ಲ ಈ ಭಾಷೆಯ ಚರಿತ್ರೆಯೇ. ಪೋರ್ಚುಗಲ್ಲಿನ ಜನರೂ ತಮ್ಮ ಪಾಲಿನ ಸರ್ವಾಧಿಕಾರವನ್ನು ದಶಕಗಳ ಕಾಲ ಅನುಭವಿಸಿದರು. 1974ರ ಏಪ್ರಿಲ್ 25ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ ರೇಡಿಯೋದಲ್ಲಿ ಬಿತ್ತರವಾದ ಒಂದು ಹಾಡು ಸೈನಿಕರಿಗೆ ಸಂಕೇತವಾಯಿತು. ಬೆಳಗಾದ ಮೇಲೆ ಜನ ಅವರ ಬಂದೂಕಿನ ನಳಿಕೆಗಳಿಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಆಫ್ರಿಕದ ವಸಾಹತುಗಳಲ್ಲಿ ನಡೆಯುತ್ತಿದ್ದ ಯುದ್ಧದಿಂದ ಬೇಸತ್ತ ಸೇನಾಧಿಕಾರಿಗಳೇ ಆ ಕ್ರಾಂತಿ ಮಾಡಿದವರು. ಮರುವರ್ಷವೇ ಅಂಗೋಲಾ, ಮೊಜಾಂಬಿಕ್ ಸ್ವತಂತ್ರವಾದವು. ಲಿಸ್ಬನ್ನಿನ ಸ್ವಾತಂತ್ರ್ಯಕ್ಕೂ ಅಂಗೋಲಾದ ರಾಜಧಾನಿ ಲುವಾಂಡಾದ ಸ್ವಾತಂತ್ರ್ಯಕ್ಕೂ ಇರುವ ಈ ನಂಟನ್ನು ಅರಿತ ಮೇಲೆಯೇ ಆಫ್ರಿಕದ ಪೋರ್ಚುಗೀಸ್ ಕಾದಂಬರಿಗಳು ನನಗೆ ತೆರೆದುಕೊಂಡದ್ದು.

ಇನ್ನು ಪಾಯೆಸ್. ಅವನು ವಿಜಯನಗರಕ್ಕೆ ಬಂದದ್ದು 1520ರ ಸುಮಾರಿಗೆ. ವಿಜಯನಗರದ ಬಗ್ಗೆಯೇ ಬರೆದ ಇನ್ನೊಬ್ಬ ಪೋರ್ಚುಗೀಸ್ ಫೆರ್ನಾವೊ ನ್ಯೂನಿಜ್; ಅವನು ಬರೆದದ್ದು ಸುಮಾರು 1535ರಲ್ಲಿ. ಇಬ್ಬರ ಬರಹಗಳೂ ಪ್ಯಾರಿಸ್ಸಿನ ಒಂದು ಹಸ್ತಪ್ರತಿಯಲ್ಲಿ ಉಳಿದಿದ್ದವು. ಡೇವಿಡ್ ಲೋಪಿಶ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು, ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ನಮ್ಮ ಪಠ್ಯಪುಸ್ತಕಗಳಿಗೆ ಇಳಿದದ್ದು ಹೆಚ್ಚಾಗಿ ಆ ಇಂಗ್ಲಿಷಿನ ಮೂಲಕ. ಅಂತಿಮ ವರ್ಷದ ಪ್ರಬಂಧಕ್ಕೆ ನಾನು ಮಹಾನವಮಿಯ ವರ್ಣನೆಯನ್ನೂ ಅದರ ಸುತ್ತಲಿನ ಭಾಗವನ್ನೂ ಆರಿಸಿಕೊಂಡೆ.

ಮೊದಲ ಪುಟದಲ್ಲೇ ಇಂದಿನ ನಿಘಂಟು ಕೈಕೊಡುತ್ತದೆ, ಏಕೆಂದರೆ ಕಾಗುಣಿತ ಅಂದಿನದು. ಒಂದೇ ಪದ ಒಂದೇ ಪುಟದಲ್ಲಿ ಎರಡು ರೀತಿ ಬರುತ್ತದೆ. ವಾಕ್ಯಗಳು ‘ಮತ್ತು’, ‘ಮತ್ತು’ ಎಂದು ಕೊಂಡಿ ಹಾಕಿಕೊಂಡು ಉದ್ದಕ್ಕೆ ಸಾಗುತ್ತವೆ. ‘ಅವನ’ ಎಂದರೆ ರಾಜನದೋ ಸೇನಾಪತಿಯದೋ ಎಂದು ಸಂದರ್ಭದಿಂದಲೇ ತೀರ್ಮಾನಿಸಬೇಕು. ನಾನು ಪ್ರತಿ ವಾಕ್ಯವನ್ನೂ ಮೂರು ಅಂಕಣಗಳಲ್ಲಿ ಬರೆದೆ: ಮೂಲ, ಇಂದಿನ ಪೋರ್ಚುಗೀಸ್, ಕನ್ನಡ. ಸಿವೆಲ್‌ರ ಅನುವಾದವನ್ನು ಮೂರೂ ಮುಗಿದ ಮೇಲಷ್ಟೇ ತೆರೆಯುತ್ತಿದ್ದೆ. ಈ ಕ್ರಮ ನಿಧಾನ, ಆದರೆ ಇದರಷ್ಟು ಭಾಷೆ ಕಲಿಸಿದ್ದು ಇನ್ನೊಂದಿಲ್ಲ.

ಕರಾವಳಿಯ ಬಂದರುಗಳ ಪಟ್ಟಿ ಬಂದಾಗ ಆದ ಸಂತೋಷವನ್ನು ಇಲ್ಲಿ ಹೇಳಲೇಬೇಕು. ‘ಹೊನೊರ್’ ಎಂದರೆ ಹೊನ್ನಾವರ, ‘ಬಟೆಕಲ’ ಭಟ್ಕಳ, ‘ಬ್ರಕಲೊರ್’ ಬಸರೂರು, ‘ಬಕನೊರ್’ ಬಾರಕೂರು. ವಿಜಯನಗರ ‘ಬಿಸ್ನಗ’ವಾಗಿದೆ, ಕೃಷ್ಣದೇವರಾಯ ‘ಕ್ರಿಸ್ನರಾವ್’ ಆಗಿದ್ದಾನೆ. ಆ ರಾಜ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆ ಅದನ್ನೇ ತಿಕ್ಕಿಸಿಕೊಂಡು, ಕತ್ತಿವರಸೆ ಮಾಡಿ, ಜಟ್ಟಿಯೊಬ್ಬನೊಂದಿಗೆ ಕುಸ್ತಿ ಹಿಡಿಯುತ್ತಿದ್ದ ಎಂಬ ವಿವರವನ್ನು ಐನೂರು ವರ್ಷ ಹಳೆಯ ಪೋರ್ಚುಗೀಸಿನಲ್ಲಿ, ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಂಡ ದಿನ ನಾನು ಈ ಪದವಿ ಆರಿಸಿಕೊಂಡದ್ದಕ್ಕೆ ಪೂರ್ಣ ತೃಪ್ತಿಪಟ್ಟೆ.

ಅಚ್ಚಿನ ಪಠ್ಯದಿಂದ ಹಸ್ತಪ್ರತಿಗೆ ದಾಟಬೇಕಾದರೆ ಪ್ರಾಚೀನ ಲಿಪಿಶಾಸ್ತ್ರದ ಐಚ್ಛಿಕ ಪತ್ರಿಕೆ ತೆಗೆದುಕೊಳ್ಳಿ. ಆ ಕಾಲದ ಬರಹಗಾರರು ಪದಗಳನ್ನು ಮೊಟಕುಗೊಳಿಸಿ ಮೇಲೊಂದು ಗೆರೆ ಎಳೆಯುತ್ತಿದ್ದರು. ಅದನ್ನು ಬಿಡಿಸಲು ಕಲಿಸುವವರು ಬೇಕೇಬೇಕು. ಲಿಸ್ಬನ್ನಿನ ರಾಷ್ಟ್ರೀಯ ದಫ್ತರಖಾನೆಯಾದ ‘ತೊರೆ ದೊ ತೊಂಬೊ’ ತನ್ನ ಅಪಾರ ದಾಖಲೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಕುಳಿತಲ್ಲಿಯೇ ಅಭ್ಯಾಸ ಮಾಡಲು ಸಾಧ್ಯವಿದೆ.

ಪ್ರಮಾಣಪತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪೋರ್ಚುಗಲ್ಲಿನ ರೂಢಿಗೆ ಲಿಸ್ಬನ್ ವಿಶ್ವವಿದ್ಯಾಲಯದ ಕೇಂದ್ರವೊಂದು ಹಂತಹಂತವಾಗಿ ಪರೀಕ್ಷೆ ನಡೆಸುತ್ತದೆ. ನೀವು ಹಂತವನ್ನು ಆರಿಸಿಕೊಂಡು ಕೂರಬೇಕು. ಬ್ರೆಜಿಲ್‌ನ ಸೆಲ್ಪಿ-ಬ್ರಾಸ್‌ನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಅಂಕದ ಮೇಲೆ ಹಂತ ನಿರ್ಧಾರ. ಅನುವಾದದ ಕೆಲಸ ಹುಡುಕುವವರು ಪದವಿಯ ಜೊತೆಗೆ ಇವುಗಳಲ್ಲಿ ಒಂದನ್ನಾದರೂ ಇಟ್ಟುಕೊಳ್ಳಲಿ. ನನ್ನ ಸಂಪಾದನೆ ಬರುವುದು ಒಪ್ಪಂದಗಳ, ಯಂತ್ರಗಳ ಕೈಪಿಡಿಗಳ ಅನುವಾದದಿಂದ. ಉಳಿದ ಹೊತ್ತು ನ್ಯೂನಿಜ್‌ಗೆ.

ಸೇರುವ ಮುಂಚೆ ವಿಭಾಗಕ್ಕೆ ಹೋಗಿ ವಿಚಾರಿಸಿ: ಪೋರ್ಚುಗಲ್, ಬ್ರೆಜಿಲ್ ಎರಡೂ ಕಡೆಯ ಅಧ್ಯಾಪಕರು ಇದ್ದಾರೆಯೇ, ಆಫ್ರಿಕದ ಸಾಹಿತ್ಯ ಪಠ್ಯದಲ್ಲಿದೆಯೇ, ಲಿಪಿಶಾಸ್ತ್ರ ಕಲಿಸುತ್ತಾರೆಯೇ, ಒಂದು ಅವಧಿಯನ್ನು ಆ ಭಾಷೆಯ ದೇಶದಲ್ಲಿ ಕಳೆಯಲು ಏರ್ಪಾಡಿದೆಯೇ. ಅಂತಿಮ ವರ್ಷದ ಪ್ರಬಂಧದ ವಿಷಯವನ್ನು ವಿದ್ಯಾರ್ಥಿಯೇ ಆರಿಸಬಹುದೇ ಎಂದು ತಪ್ಪದೆ ಕೇಳಿ. ನನ್ನನ್ನು ಕೇಳಿದರೆ, ಈ ಕೊನೆಯದಕ್ಕೆ ಹೌದು ಎನ್ನುವ ವಿಭಾಗವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.