ಕಣಕಾಲಿನ ಕಪ್ಪು ಕಲೆ, ತುರಿಕೆ: ಮುಲಾಮಿಗಿಂತ ಮೊದಲು ಬಾವು ಇಳಿಸಿ

ಕಣಕಾಲಿನ ಒಳಮಗ್ಗುಲಲ್ಲಿ ಚರ್ಮ ಕಂದಾಗಿ, ಹೊಟ್ಟು ಎದ್ದು ತುರಿಸಿದರೆ ಹೆಚ್ಚಿನವರು ಗಜಕರ್ಣವೆಂದುಕೊಂಡು ಮೆಡಿಕಲ್ ಶಾಪಿನಿಂದ ಟ್ಯೂಬ್ ತರುತ್ತಾರೆ. ಆದರೆ ಸಂಜೆಗೆ ಕಾಲು ಬಾತು, ಮೀನಖಂಡದ ಮೇಲೆ ನರ ಗಂಟುಗಂಟಾಗಿ ಉಬ್ಬಿದ್ದರೆ ಕತೆ ಬೇರೆ. ಕಾಲಿನ ರಕ್ತನಾಳದ ಕವಾಟಗಳು ಕೆಟ್ಟಿವೆ; ಮೇಲೇರಬೇಕಾದ ರಕ್ತ ಮತ್ತೆ ಕೆಳಗಿಳಿದು ನಿಲ್ಲುತ್ತಿದೆ. ಆ ಒತ್ತಡಕ್ಕೆ ಕೆಂಪು ಕಣಗಳು ಹೊರಗೆ ಜಿನುಗಿ ಒಡೆಯುತ್ತವೆ, ಅವುಗಳ ಕಬ್ಬಿಣ ಚರ್ಮದಲ್ಲೇ ಉಳಿಯುತ್ತದೆ. ಕಲೆ ಎಷ್ಟು ತಿಕ್ಕಿದರೂ ಹೋಗದಿರುವುದು ಅದಕ್ಕೇ. ಒತ್ತಡ ಇಳಿಸದೆ ಹಚ್ಚಿದ ಯಾವ ಮುಲಾಮೂ ಬಹಳ ದಿನ ನಿಲ್ಲುವುದಿಲ್ಲ.

ಮೊದಲು ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿಸಿ. ಜೊತೆಗೆ ಪಾದಕ್ಕೆ ಹೋಗುವ ರಕ್ತ ಸರಿ ಇದೆಯೇ ನೋಡಿಸಿ: ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬಂದರೆ ಬಾವು ಇಳಿಸಲು ಹಾಕುವ ಬಿಗಿ ಕಾಲುಚೀಲವನ್ನು ನೀವಾಗಿಯೇ ಹಾಕಬೇಡಿ, ಪಾದಕ್ಕೇ ಅಪಾಯ. ಸಕ್ಕರೆ ಕಾಯಿಲೆಯವರಲ್ಲಿ ಈ ಅಂಕಿ ಸುಳ್ಳೇ ಹೆಚ್ಚು ತೋರಿಸಬಹುದು. ಬೀಡಿ ಸೇದುವವರೂ ಈ ಪರೀಕ್ಷೆ ಬಿಡಬಾರದು.

ಕಾಲುಚೀಲಕ್ಕೆ ಅಳತೆ ಬೆಳಿಗ್ಗೆಯೇ ಕೊಡಿ, ಬಾವು ಏರುವ ಮುನ್ನ. ಕಣಕಾಲಿನ ತೀರ ಸಣ್ಣ ಜಾಗ, ಮೀನಖಂಡದ ದಪ್ಪ ಜಾಗ, ನೆಲದಿಂದ ಮೊಣಕಾಲ ಕೆಳಗಿನವರೆಗಿನ ಉದ್ದ, ಮೂರೂ ಬೇಕು. ಹೆಚ್ಚಿನವರಿಗೆ ಮೊಣಕಾಲುದ್ದದ್ದೇ ಸಾಕು. ವೈದ್ಯರು ಸಾಮಾನ್ಯವಾಗಿ 20–30 ಎಂ.ಎಂ. ಎಚ್‌ಜಿ (ಬಿಪಿ ಅಳೆಯುವ ಅದೇ ಮಾನ) ಒತ್ತಡದ್ದು ಬರೆಯುತ್ತಾರೆ. ಕ್ರೇಪ್ ಬ್ಯಾಂಡೇಜ್ ಇದಕ್ಕೆ ಸಾಟಿಯಲ್ಲ, ನಾಲ್ಕು ಹೆಜ್ಜೆಗೇ ಸಡಿಲಾಗುತ್ತದೆ.

ಹಾಕುವುದು ಹಾಸಿಗೆಯಿಂದ ಏಳುವ ಮೊದಲೇ. ಎದ್ದು ಓಡಾಡಿದ್ದರೆ 20 ನಿಮಿಷ ಕಾಲು ಎತ್ತಿ ಮಲಗಿ. ಉಂಗುರ ತೆಗೆದು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ. ಚೀಲವನ್ನು ಹಿಮ್ಮಡಿಯವರೆಗೆ ಒಳಹೊರಗು ಮಾಡಿ, ಪಾದ ತೂರಿಸಿ, ಚೀಲದ ಹಿಮ್ಮಡಿ ಭಾಗ ಸರಿಯಾಗಿ ಕೂತ ಮೇಲೆ ಅಂಗೈಯಿಂದ ಸವರುತ್ತ ಮೇಲೇರಿಸಿ. ಮೇಲಂಚು ಮೊಣಕಾಲ ಮಡಿಕೆಗಿಂತ ಎರಡು ಬೆರಳು ಕೆಳಗಿರಲಿ. ಅಂಚನ್ನು ಮಡಚಿದರೆ ಅದೇ ಹಗ್ಗ ಬಿಗಿದಂತೆ ರಕ್ತ ತಡೆಯುತ್ತದೆ. ರಾತ್ರಿ ತೆಗೆದು ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ; ಎರಡು ಜೊತೆ ಇದ್ದರೆ ಅನುಕೂಲ. ಆರು ತಿಂಗಳಿಗೆ ಎಲಾಸ್ಟಿಕ್ ಸೋಲುತ್ತದೆ. ಏಪ್ರಿಲ್‌ನ ಗದಗಿನ ಬಿಸಿಲಿಗೆ ಹಲವರು ಕಿತ್ತೆಸೆಯುತ್ತಾರೆ. ಕಿತ್ತೆಸೆಯುವುದಕ್ಕಿಂತ ಡಾಕ್ಟರನ್ನು ಕೇಳಿ 15–20ರದ್ದು ಹಾಕಿ. ಏನೂ ಇಲ್ಲದ್ದಕ್ಕಿಂತ ವಾಸಿ.

ದಿನಕ್ಕೆ ಮೂರು ಸಲ ಅರ್ಧ ಗಂಟೆ ಪಾದ ಎದೆಗಿಂತ ಮೇಲಿರಲಿ. ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಅಷ್ಟು ಎತ್ತರ ಬರದು. ಮಲಗಿದರೆ ಉಬ್ಬಸ ಬರುವ ಹೃದಯ ರೋಗಿಗಳು ಮೊದಲು ವೈದ್ಯರನ್ನು ಕೇಳಲಿ. ಮಿರ್ಚಿ ಬಾಣಲೆ ಮುಂದೆ ದಿನವಿಡೀ ನಿಲ್ಲುವವರು ಅಲ್ಲೇ ನಿಂತು ಗಂಟೆಗೊಮ್ಮೆ 20 ಸಲ ಹಿಮ್ಮಡಿ ಎತ್ತಿಳಿಸಲಿ. ಮೀನಖಂಡ ಹಿಂಡಿದಾಗಲೇ ರಕ್ತ ಮೇಲೇರುವುದು.

ಚರ್ಮಕ್ಕೆ ಸಂಜೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು ಸಾಕು. ಉಜ್ಜದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ, ತೇವ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬೆಳಿಗ್ಗೆ ಹಚ್ಚಿದರೆ ಚೀಲ ಜಾರುತ್ತದೆ, ಎಲಾಸ್ಟಿಕ್ ಕೆಡುತ್ತದೆ. ಕೆಂಪಾಗಿ ತುರಿಕೆ ಜೋರಾದರೆ ವೈದ್ಯರು ಬರೆದ ಸ್ಟೆರಾಯ್ಡ್ ಮುಲಾಮು ಒಂದೆರಡು ವಾರ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದಷ್ಟು, ಅಂದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಲುತ್ತದೆ. ಮೂರ್ನಾಲ್ಕು ಔಷಧಿ ಒಂದೇ ಟ್ಯೂಬಿನಲ್ಲಿ ಬೆರೆತ ಕ್ರೀಮ್ ಕೇಳಲೇಬೇಡಿ: ಅಂಥ ಹಲವು ಕ್ರೀಮುಗಳಲ್ಲಿರುವ ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಇಂಥ ಕಾಲಿನ ಚರ್ಮ ಬೇಗ ಅಲರ್ಜಿ ತೋರುತ್ತದೆ, ಆಮೇಲೆ ಇಸಬು ದುಪ್ಪಟ್ಟು. ಚರ್ಮ ಒಡೆದು ಹುಣ್ಣಾದರೆ ಅದಕ್ಕೆ ಅರಿಶಿನ, ಕಾಫಿ ಪುಡಿ ಹಾಕಬೇಡಿ. ಎರಡು ವಾರದಲ್ಲಿ ಮಾಯದಿದ್ದರೆ ಸರ್ಜನ್‌ಗೆ ತೋರಿಸಿ. ಕೆಟ್ಟ ನಾಳವನ್ನು ಲೇಸರ್‌ನಿಂದ ಮುಚ್ಚಿದರೆ ಹುಣ್ಣು ಬೇಗ ಮಾಯುತ್ತದೆ. ಹಳೆಯ ಕಲೆ ಮಾತ್ರ ಪೂರ್ತಿ ಹೋಗುವುದು ಅಪರೂಪ.

ಒಂದೇ ಕಾಲು ದಿಢೀರನೆ ಬಾತು ನೋಯುವುದು, ಜ್ವರದೊಂದಿಗೆ ಕಾಲು ಬಿಸಿಯಾಗಿ ಕೆಂಪೇರುವುದು, ಉಸಿರು ಕಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆ. ಉಸಿರು ಕಟ್ಟಿದರಂತೂ ತಡಮಾಡದೆ 108ಕ್ಕೆ ಕರೆ. ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ಮಲಗಿಸಿ ಕಾಲೆತ್ತಿ, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ.